ಅಜ್ಜನ ಊರು ಹುಡುಕಲು ಜನಗಣತಿಯ ನೆರವು

ನಮ್ಮ ಅಜ್ಜ ಹುಟ್ಟಿದ ಊರು ಯಾವುದು? ಅಮೆರಿಕದಲ್ಲಿ ನೆಲೆಸಿರುವ ಮೆಕ್ಸಿಕೋ ಮೂಲದ ಅನೇಕ ಕಥೋಲಿಕ ಕುಟುಂಬಗಳನ್ನು ಕಾಡುವ ಪ್ರಶ್ನೆಯಿದು. ಅಮೆರಿಕದ ಹಳೆಯ ಜನಗಣತಿಯಲ್ಲಿ ಜನ್ಮಸ್ಥಳವೆಂದು ಸಾಮಾನ್ಯವಾಗಿ ‘ಮೆಕ್ಸಿಕೋ’ ಎಂದಷ್ಟೇ ಬರೆದಿರುತ್ತದೆ. ಹಿರಿಯರ ನೆನಪಿನಲ್ಲಿ ಉಳಿದಿರುವುದು ‘ಸಾನ್ ಹೊಸೆ’ ಎಂಬಂತಹ ಹೆಸರೊಂದೇ. ಸಂತ ಜೋಸೆಫರ ಹೆಸರನ್ನು ಹೊತ್ತ ಊರುಗಳಾದರೋ ಅಲ್ಲಿ ಹಲವಾರು!

ಇಂತಹವರಿಗೆ ಮೆಕ್ಸಿಕೋದ ಜನಗಣತಿಯೇ ದಾರಿದೀಪ. ಆ ದೇಶದ ಅಂಕಿಅಂಶ ಸಂಸ್ಥೆಯಾದ ‘ಇನೆಗಿ’ ಸಿದ್ಧಪಡಿಸಿರುವ ಊರುಗಳ ಐತಿಹಾಸಿಕ ಪಟ್ಟಿಯಲ್ಲಿ 1900ರಿಂದೀಚಿನ ಗಣತಿಗಳ ವಿವರಗಳಿವೆ. ‘ಅಸಿಯೆಂದಾ’ ಎಂಬ ದೊಡ್ಡ ಜಮೀನುಗಳೂ, ಕೆಲವೇ ಮನೆಗಳ ‘ರಾಂಚೊ’ಗಳೂ ಅದರಲ್ಲಿ ಸೇರಿವೆ. ಊರಿನ ಹೆಸರು ಬದಲಾಗಿದ್ದರೆ, ಜನರು ಬಿಟ್ಟುಹೋಗಿದ್ದರೆ ಅದರ ಸುಳಿವೂ ದೊರೆಯುತ್ತದೆ. 1930ರ ಮೇ 15ರಂದು ನಡೆದ ಗಣತಿಯ ಮನೆಮನೆಯ ಹಾಳೆಗಳು ಬಹುಪಾಲು ಉಳಿದಿವೆ. ಆದರೆ ರಾಜಧಾನಿ ಪ್ರದೇಶದವು ನಷ್ಟವಾಗಿವೆ.

ರಾಂಚೊ ಯಾವ ಪಟ್ಟಣದ ಆಡಳಿತಕ್ಕೆ ಸೇರಿತ್ತೆಂದು ತಿಳಿದ ಮೇಲೆ ಆ ಭಾಗದ ಧರ್ಮಕೇಂದ್ರವನ್ನು ಗುರುತಿಸುವುದು ಸುಲಭ. ಚಿಕ್ಕ ನೆಲೆಗಳಲ್ಲಿ ದೇವಾಲಯವಿಲ್ಲದ ಕಾರಣ ಹಸುಗೂಸುಗಳನ್ನು ಅಲ್ಲಿಗೇ ಒಯ್ದು ಜ್ಞಾನಸ್ನಾನ ಕೊಡಿಸುತ್ತಿದ್ದರು. ಆ ದಾಖಲೆಗಳಲ್ಲಿ ತಂದೆತಾಯಿ, ಜ್ಞಾನಪೋಷಕರು, ಎಷ್ಟೋ ವೇಳೆ ಅಜ್ಜ-ಅಜ್ಜಿಯರ ಹೆಸರುಗಳೂ ಇರುತ್ತವೆ. ಮೆಕ್ಸಿಕೋದಲ್ಲಿ ಸರ್ಕಾರಿ ಜನನ ನೋಂದಣಿಗೆ ಕಾನೂನು ಬಂದದ್ದು 1859ರಲ್ಲಿ. ಅದಕ್ಕೂ ಹಿಂದಿನವರಿಗೆ ಧರ್ಮಕೇಂದ್ರದ ಪುಸ್ತಕಗಳೇ ಮುಖ್ಯ ಆಧಾರ. ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತ್ತು.

ಗಣತಿಯವರು ಊರನ್ನು ತೋರಿಸುತ್ತಾರೆ, ಗುರುಗಳ ಬರಹ ಕುಟುಂಬವನ್ನು ತೋರಿಸುತ್ತದೆ. ಎರಡನ್ನೂ ಜೊತೆಗಿರಿಸಿ ಓದಿದವರಿಗೆ ಮರೆತ ಮನೆತನ ಮರಳಿ ದೊರೆತೀತು.