ಗೋವೆಯಲ್ಲಿ ಬಿಡಾರ, ಊರಿನಲ್ಲಿ ಖಾತೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಪೇಟೆಗಳಲ್ಲಿ ಗಿರಾಕಿ ಯಾವಾಗ ಹೆಚ್ಚುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ಮಳೆ-ಬೆಳೆಯೊಂದಿಗೆ ಗೋವೆಯಿಂದ ಬರುವ ಬಸ್ಸುಗಳನ್ನೂ ಅವಲಂಬಿಸಿದೆ. ನಾಗರ ಪಂಚಮಿ, ದೀಪಾವಳಿ ಹಾಗೂ ಊರ ಜಾತ್ರೆಯ ಹಿಂದುಮುಂದಿನ ದಿನಗಳಲ್ಲಿ ಅರಿವೆ ಅಂಗಡಿ, ಸರಾಫರ ಅಂಗಡಿ, ಸಿಮೆಂಟು-ಕಬ್ಬಿಣದ ಮಳಿಗೆಗಳಲ್ಲಿ ರೊಕ್ಕ ಎಣಿಸಿಕೊಟ್ಟು ಕೊಳ್ಳುವವರಲ್ಲಿ ಅನೇಕರು ವರ್ಷದ ಹೆಚ್ಚಿನ ಭಾಗವನ್ನು ವಾಸ್ಕೋ, ಮಡಗಾಂವ, ಮಾಪ್ಸಾ ಕಡೆಗೆ ಕಳೆಯುವವರು. ವ್ಯಾಪಾರಸ್ಥರು ಇವರನ್ನು ಹಬ್ಬದ ಗಿರಾಕಿಗಳೆಂದು ಬಲ್ಲರು. ಉಳಿದ ತಿಂಗಳುಗಳಲ್ಲಿ ಅವರ ಸಂಸಾರ ಹೇಗೆ ಸಾಗುತ್ತದೆ ಎಂದು ವಿಚಾರಿಸಿದವರು ಕಡಿಮೆ.

ದುಡಿಮೆಗಾಗಿ ಪರಸ್ಥಳಕ್ಕೆ ಹೋಗುವುದರಲ್ಲಿ ಇಲ್ಲಿ ಎರಡು ಬಗೆಗಳುಂಟು. ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ಸಾಂಗಲಿ, ಕೊಲ್ಹಾಪುರಗಳಿಗೆ ಹೋದವರು ಹಂಗಾಮು ಮುಗಿದ ಕೂಡಲೇ ಮರಳುತ್ತಾರೆ. ಹೊಲದಂಚಿನ ಕೊಪ್ಪಿಯೇ ಅವರ ಮನೆ. ಗೋವೆಗೆ ಹೋದವರ ಮಾತು ಬೇರೆ. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡ ನಂತರ ಮುರಗಾಂವ ಬಂದರು, ಕಬ್ಬಿಣದ ಅದಿರಿನ ಗಣಿ, ರಸ್ತೆ, ಕಟ್ಟಡ ಎಲ್ಲದಕ್ಕೂ ಕೈಗಳು ಬೇಕಾದವು. 1972ರ ಬರಗಾಲದಲ್ಲಿ ಅಂದಿನ ವಿಜಾಪುರ ಜಿಲ್ಲೆಯ ಒಣಬೇಸಾಯದ ಊರುಗಳಿಗೆ ಗುಳೆಯ ಹೊರತು ಬೇರೆ ದಾರಿಯಿರಲಿಲ್ಲ. ಮೊದಲು ಹೋದವರು ತಮ್ಮ ಬೀಗರನ್ನು, ಓಣಿಯವರನ್ನು ಕರೆಸಿಕೊಂಡರು. ವಾಸ್ಕೋದ ಬೈನಾ, ಜುವಾರಿನಗರ, ಮಡಗಾಂವದ ಮೋತಿ ಡೊಂಗರಗಳಲ್ಲಿ ಕನ್ನಡ ಮಾತು ಕಿವಿಗೆ ಬೀಳುವುದು ಈ ಕಾರಣದಿಂದಲೇ.

ಹೊಸದಾಗಿ ಹೋದ ಕುಟುಂಬಕ್ಕೆ ಕೆಲಸಕ್ಕಿಂತ ಮೊದಲು ಎದುರಾಗುವುದು ಕೋಣೆಯ ಪ್ರಶ್ನೆ. ಮುಂಗಡ ಠೇವಣಿ, ಬಾಡಿಗೆ, ಪೊಲೀಸ್ ಠಾಣೆಗೆ ಕೊಡಬೇಕಾದ ಬಾಡಿಗೆದಾರರ ವಿವರ, ಗುರುತಿನ ಚೀಟಿಯ ನಕಲು, ಇವಿಲ್ಲದೆ ಬಾಗಿಲು ತೆರೆಯದು. ಊರಿನವರೊಬ್ಬರು ಜಾಮೀನಿನ ಮಾತು ಹೇಳಿದರೆ ಕೆಲಸ ಹಗುರ. ಎರಡನೆಯದು ಮಳೆ. ಭೀಮೆ-ಕೃಷ್ಣೆಯರ ನಡುವಿನ ಬಯಲಿನಲ್ಲಿ ಮೋಡ ನೋಡುತ್ತ ಬೆಳೆದವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಡಲ ಕರಾವಳಿಯ ಮಳೆ ಹೊಸ ಪಾಠ. ಕಟ್ಟಡದ ಕೆಲಸ ಅರ್ಧಕ್ಕಿಳಿಯುತ್ತದೆ, ಹಾಸಿಗೆ ಒಣಗುವುದಿಲ್ಲ, ಚೀಲದಲ್ಲಿಟ್ಟ ಜೋಳಕ್ಕೆ ಬೂಸರು ಹಿಡಿಯುತ್ತದೆ. ಅನುಭವಸ್ಥರು ಮಳೆಗಾಲಕ್ಕೆ ಊರಿಗೆ ಬಂದು ಬಿತ್ತನೆ ಮುಗಿಸಿ ಹೋಗುವುದು ಹೊಲದ ಮಮತೆಯಿಂದಷ್ಟೇ ಎಂದು ತಿಳಿಯಬೇಕಾಗಿಲ್ಲ. ಕೊಂಕಣಿ ಕಲಿಯುವುದು ತಡವಾದರೂ ಹಿಂದಿ-ಮರಾಠಿಯಲ್ಲಿ ವ್ಯವಹಾರ ಸಾಗುತ್ತದೆ. ಘಟ್ಟದ ಮೇಲಿನವರೆಂಬ ಅರ್ಥದ 'ಘಾಟಿ' ಎಂಬ ಮೂದಲಿಕೆ ಮಾತ್ರ ಮೊದಲ ವಾರದಲ್ಲೇ ತಿಳಿಯುತ್ತದೆ.

ಊಟದ ವಿಷಯದಲ್ಲಿ ಈ ಜನ ರಾಜಿಯಾಗಲಿಲ್ಲ. ಮೀನು-ಅನ್ನದ ನಾಡಿನಲ್ಲಿಯೂ ಮಾಲದಂಡಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಬಿಡಲಿಲ್ಲ. ರಾತ್ರಿ ಬಸ್ಸಿನ ಮಾಡದ ಮೇಲೆ ಹೋಗುತ್ತಿದ್ದ ಜೋಳದ ಚೀಲಗಳಿಂದಲೇ ಒಂದು ಸಣ್ಣ ವ್ಯಾಪಾರ ಹುಟ್ಟಿತು. ನಮ್ಮ ಸಣ್ಣ ಉತ್ಪಾದಕರು ಗಮನಿಸಬೇಕಾದ ಸಂಗತಿಯಿದು. ಬಿಡಿ ಜೋಳಕ್ಕೆ ಜಿಎಸ್‌ಟಿ ಇಲ್ಲ. ಅದನ್ನೇ 25 ಕಿಲೋವರೆಗಿನ ಪ್ಯಾಕೆಟ್ಟಿನಲ್ಲಿ ಚೀಟಿ ಅಂಟಿಸಿ ಮಾರಿದರೆ 2022ರ ಜುಲೈ 18ರಿಂದ ಶೇ. 5 ತೆರಿಗೆ. ರೊಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಪೂರ್ಣವಾಗಿ ತೆಗೆದುಹಾಕಲಾಗಿದೆ. ಆದರೆ ಚಟ್ನಿಪುಡಿಯಂತಹ ತೆರಿಗೆಗೊಳಪಟ್ಟ ಸರಕನ್ನು ಗೋವೆಯ ಅಂಗಡಿಗೆ ಮಾರಿದರೆ ಅದು ಅಂತರರಾಜ್ಯ ವ್ಯವಹಾರ. ರಾಜ್ಯದೊಳಗಿನ 40 ಲಕ್ಷ ರೂಪಾಯಿಯ ವಿನಾಯಿತಿ ಮಿತಿ ಅಲ್ಲಿ ರಕ್ಷಣೆಗೆ ಬಾರದು, ನೋಂದಣಿ ಬೇಕೇ ಬೇಕು. ಮನೆಯಲ್ಲಿ ಹಿಂಡಿ ಕುಟ್ಟಿ ಕಳಿಸುವ ಮಹಿಳಾ ಸಂಘಗಳಿಗೆ ಇದನ್ನು ಯಾರಾದರೂ ಬಿಡಿಸಿ ಹೇಳುವುದು ಒಳ್ಳೆಯದು.

ಇನ್ನು ಸಂಸಾರದ ಜಮಾ-ಖರ್ಚು. ಗಂಡ-ಹೆಂಡತಿ ಇಬ್ಬರೂ ದುಡಿದು ತಿಂಗಳಿಗೆ 30,000 ರೂಪಾಯಿ ತರುತ್ತಾರೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಕೋಣೆ, ದೀಪ-ನೀರಿಗೆ 6,000, ಸಂತೆ-ಕಿರಾಣಿಗೆ 9,000, ಬಸ್ಸು, ಔಷಧ, ಫೋನಿಗೆ 4,000 ಹೋದರೆ 11,000 ಉಳಿಯುತ್ತದೆ. ಮಗಳ ಮದುವೆಗೆ ಊರಿನಲ್ಲಿ ತಂದ 1,00,000 ರೂಪಾಯಿ ಸಾಲ ನೂರಕ್ಕೆ ಮೂರರ ಬಡ್ಡಿಯದಾದರೆ ತಿಂಗಳಿಗೆ 3,000, ವರ್ಷಕ್ಕೆ 36,000 ಬಡ್ಡಿಗೇ ಸಂದಾಯ. ಎಂಟು ಸಾವಿರ ಉಳಿತಾಯವೆಂದು ಕಾಣುವುದು ಮಳೆಗಾಲದ ಎರಡು ತಿಂಗಳು ಕೂಲಿ ತಪ್ಪಿದರೆ ಕರಗಿಹೋಗುತ್ತದೆ. ಗೋವೆಗೆ ಹೋದವರು ಗಳಿಸುವುದಿಲ್ಲವೆಂದಲ್ಲ. ಗಳಿಸಿದ್ದರಲ್ಲಿ ದೊಡ್ಡ ಪಾಲು ಹಳೆಯ ಸಾಲದ ಬಾಯಿಗೆ ಹೋಗುತ್ತದೆ. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕಿ ದುಡಿಸಿಕೊಳ್ಳುವುದು 1976ರ ಜೀತಪದ್ಧತಿ ನಿರ್ಮೂಲನ ಕಾಯದೆಯಂತೆ ಅಪರಾಧವೆಂಬುದು ಕೆಲಸಗಾರರನ್ನು ಇಟ್ಟುಕೊಂಡವರೆಲ್ಲರಿಗೂ ತಿಳಿದಿರಬೇಕು.

ಕಾಗದಪತ್ರಗಳ ತೊಡಕು ಮೊದಲಿಗಿಂತ ಕಡಿಮೆಯಾಗಿದೆ. ಕರ್ನಾಟಕ, ಗೋವೆ, ಮಹಾರಾಷ್ಟ್ರಗಳು 2020ರ ಜನವರಿಯಿಂದ 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿವೆ. ಊರ ಚೀಟಿ ಹಿಡಿದು ವಾಸ್ಕೋದ ನ್ಯಾಯಬೆಲೆ ಅಂಗಡಿಯಲ್ಲಿ ಕೇಂದ್ರದ ಆಹಾರ ಭದ್ರತಾ ಪಾಲಿನ ಧಾನ್ಯ ಪಡೆಯಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಪುರಾವೆ ಬೇಕು. ದಿನಕ್ಕೊಬ್ಬ ಗುತ್ತಿಗೆದಾರನ ಹತ್ತಿರ ದುಡಿಯುವವನಿಗೆ ಅದನ್ನು ಬರೆದುಕೊಡುವವರು ಯಾರು? 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯದೆ ಹಲವು ವರ್ಷ ಪುಸ್ತಕದಲ್ಲಿಯೇ ಉಳಿಯಿತು. ಅದರ ವಿಷಯವೀಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಸೇರಿದೆ. ವಿಳಾಸದ ಸಂದಿಗ್ಧ ಮಾತ್ರ ಬಗೆಹರಿಯದು. ಹೆಸರು ಎರಡು ಮತದಾರರ ಪಟ್ಟಿಗಳಲ್ಲಿ ಇರುವಂತಿಲ್ಲ. ಹೆಚ್ಚಿನವರು ಊರನ್ನೇ ಉಳಿಸಿಕೊಳ್ಳುತ್ತಾರೆ. ಪಂಚಾಯಿತಿ ಚುನಾವಣೆಗೆ ಅವರನ್ನು ಕರೆತರಲು ಅಭ್ಯರ್ಥಿಗಳು ಗಾಡಿ ಗೊತ್ತುಮಾಡುವುದು ಸರ್ವವಿದಿತ.

ಪರವೂರಿನ ದುಡಿಮೆಯ ಹಣದಿಂದ ಊರು ನಡೆಸುವುದರಲ್ಲಿ ಮೆಕ್ಸಿಕೋ ದೇಶದ ಉದಾಹರಣೆ ಮನನೀಯ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಹೊರದೇಶಗಳಿಂದ ಮನೆಗೆ ಬಂದ ಹಣದಲ್ಲಿ ಭಾರತ ಮೊದಲನೆಯದು, ಮೆಕ್ಸಿಕೋ ಎರಡನೆಯದು. ಅಮೆರಿಕದಲ್ಲಿ ನೆಲೆಸಿದ ಅಲ್ಲಿನ ಜನ ಊರೂರಿನ ಸಂಘ ಕಟ್ಟಿಕೊಂಡು ಶಾಲೆ, ಕುಡಿಯುವ ನೀರು, ರಸ್ತೆಗೆ ಹಣ ಕಳಿಸುತ್ತಿದ್ದರು. ಸಕಾತೆಕಾಸ್ ಪ್ರಾಂತ್ಯದಲ್ಲಿ ಮೊಳೆತ ಈ ಪದ್ಧತಿಯನ್ನು 2002ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಲಾಯಿತು: ಸಂಘ ಒಂದು ಪಾಲು ಹಾಕಿದರೆ ಕೇಂದ್ರ, ಪ್ರಾಂತ್ಯ ಮತ್ತು ನಗರಸಭೆಗಳು ತಲಾ ಒಂದು ಪಾಲು ಸೇರಿಸಬೇಕು. ಆ ಯೋಜನೆ ಈಗ ನಿಂತಿದೆ. ಆದರೂ ಒಂದಕ್ಕೆ ಮೂರು ಎಂಬ ಲೆಕ್ಕವನ್ನು ನಮ್ಮ ಗ್ರಾಮ ಪಂಚಾಯಿತಿಗಳು ಕೇಳಿಯೂ ಇಲ್ಲ. ಇಲ್ಲಿ ಗೋವೆಯ ಹಣ ಗುಡಿಯ ಶಿಖರಕ್ಕೆ, ಜಾತ್ರೆಯ ಪಟ್ಟಿಗೆ ತಪ್ಪದೇ ಬರುತ್ತದೆ. ಶಾಲೆಯ ಕೋಣೆಗೂ ಬರುವಂತೆ ಕೇಳುವವರು ಬೇಕು.

ನೆಲೆ ಎಷ್ಟು ಗಟ್ಟಿಯೆಂಬ ಪರೀಕ್ಷೆ ಆಗಾಗ ಆಗಿದೆ. 2004ರಲ್ಲಿ ಬೈನಾ ಕಡಲದಂಡೆಯ ಗುಡಿಸಲುಗಳು ನೆಲಸಮವಾದವು. 2012ರಲ್ಲಿ, ಮತ್ತೆ 2018ರಲ್ಲಿ ಗಣಿಗಾರಿಕೆ ನಿಂತಾಗ ಲಾರಿ, ಗ್ಯಾರೇಜು, ಖಾನಾವಳಿಗಳ ದುಡಿಮೆಯೂ ಕುಸಿಯಿತು. 2020ರ ಲಾಕ್‌ಡೌನಿನಲ್ಲಿ ಗೋವೆ, ಮಹಾರಾಷ್ಟ್ರಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಮರಳಿದರು. ಭೀಮೆಯ ದಂಡೆಯ ಧೂಳಖೇಡ ತಪಾಸಣಾ ಠಾಣೆಯಲ್ಲಿ ಸರದಿ ನಿಂತರು. ನಿರ್ಬಂಧ ಸಡಿಲಾದಾಗ ಹೆಚ್ಚಿನವರು ಮತ್ತೆ ಬಸ್ಸು ಹತ್ತಿದರು.

ಅಲ್ಲಿ ಹುಟ್ಟಿದ ಮಕ್ಕಳಿಗೆ ಕೊಂಕಣಿ ಸರಾಗ. ಅಜ್ಜಿಯ ಊರು ಬೇಸಿಗೆ ರಜೆಯ ಊರು. ಆದರೂ ತಂದೆ-ತಾಯಿ ಮನೆ ಕಟ್ಟುವುದು ಇಲ್ಲಿಯೇ, ಅದೂ ಕಂತಿನಲ್ಲಿ. ಒಂದು ಜಾತ್ರೆಗೆ ಬಂದಾಗ ಬುನಾದಿ, ಮುಂದಿನದಕ್ಕೆ ಗೋಡೆ, ಅದರ ಮುಂದಿನ ವರ್ಷ ಸ್ಲ್ಯಾಬು. ತಾಳಿಕೋಟೆಯಿಂದ ಚಡಚಣದವರೆಗೆ ಸಿಮೆಂಟು ವ್ಯಾಪಾರಿಗಳು ಇಂತಹ ಗಿರಾಕಿಗೆ ಒಂದು ಹಂಗಾಮಿನ ಉದ್ರಿ ಬರೆದುಕೊಂಡು, ಮುಂದಿನ ಹಬ್ಬಕ್ಕೆ ವಸೂಲು ಮಾಡಿಕೊಳ್ಳುತ್ತಾರೆ. ಈಚೆಗೆ ಆ ಉದ್ರಿ ಹಬ್ಬದವರೆಗೆ ಕಾಯುವುದೂ ಇಲ್ಲ. ವಾಸ್ಕೋದಿಂದಲೇ ಶನಿವಾರ ಸಂಜೆ ಫೋನಿನಲ್ಲಿ ಐದುನೂರು, ಸಾವಿರ ಎಂದು ಜಮೆಯಾಗುತ್ತದೆ.