ಕಾವಲು ಸಡಿಲಿಸುವ ಔಷಧಗಳು

ಹೊರಗಿನಿಂದ ಬಂದ ಬ್ಯಾಕ್ಟೀರಿಯಗಳನ್ನು ಗುರುತಿಸಿ ಕೊಲ್ಲುವುದು ನಮ್ಮ ಬಿಳಿ ರಕ್ತಕಣಗಳ ಕೆಲಸ. ಕೆಲವರಲ್ಲಿ ಈ ರಕ್ಷಣಾ ವ್ಯವಸ್ಥೆ ಸ್ವಂತ ಅಂಗಾಂಶಗಳ ಮೇಲೆಯೇ ಎರಗುತ್ತದೆ. ರುಮಟಾಯ್ಡ್ ಸಂಧಿವಾತ, ಲೂಪಸ್ ಇಂಥ ಸ್ವನಿರೋಧಕ ಕಾಯಿಲೆಗಳು. ರಕ್ಷಣೆ ಇಷ್ಟು ಚುರುಕಾಗಿದ್ದರೆ ಸೋಂಕು ಕಡಿಮೆಯಾಗಬೇಕಲ್ಲವೆ? ಆಗುವುದು ಇದಕ್ಕೆ ವಿರುದ್ಧ. ನ್ಯುಮೋನಿಯ, ಚರ್ಮದ ಸೋಂಕು, ಕೀಲಿನಲ್ಲಿ ಕೀವು, ರಕ್ತದ ನಂಜು ಇವರಲ್ಲಿ ಹೆಚ್ಚು. ಏಕೆ?

ಎರಡು ಕಾರಣಗಳು

ಮೊದಲನೆಯದು ಕಾಯಿಲೆಯೇ. ಬ್ಯಾಕ್ಟೀರಿಯಕ್ಕೆ ಅಂಟಿಕೊಂಡು ಅದನ್ನು ಭಕ್ಷಕ ಕೋಶಗಳಿಗೆ ತೋರಿಸಿಕೊಡುವ 'ಕಾಂಪ್ಲಿಮೆಂಟ್' ಪ್ರೋಟೀನುಗಳು ಲೂಪಸ್‌ನಲ್ಲಿ ದೇಹದೊಡನೆಯೇ ಹೋರಾಡಿ ಖರ್ಚಾಗುತ್ತವೆ.

ಎರಡನೆಯದು ಔಷಧ. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಸಂಧಿವಾತಕ್ಕೆ ಕಾರ್ಟಿಸೋನ್ ನೀಡಿದಾಗ ರೋಗಿ ಕೆಲವೇ ದಿನಗಳಲ್ಲಿ ಸರಾಗವಾಗಿ ಓಡಾಡಿದರು. 1950ರ ನೊಬೆಲ್ ಪ್ರಶಸ್ತಿಯಲ್ಲಿ ಹೆಂಚ್ ಅವರಿಗೂ ಪಾಲು ದೊರೆಯಿತು. ಆದರೆ ಸ್ಟೀರಾಯ್ಡ್‌ಗಳು ಉರಿಯೂತದ ಜೊತೆಗೆ ರಕ್ಷಣೆಯನ್ನೂ ತಗ್ಗಿಸುತ್ತವೆ. ಪ್ರಮಾಣ ಮತ್ತು ಅವಧಿ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಕ್ಷಯ ಕಲಿಸಿದ ಪಾಠ

ಸಂಧಿವಾತದಲ್ಲಿ ಕೀಲುಗಳನ್ನು ಕೆಡಿಸುವ ಪ್ರೋಟೀನುಗಳಲ್ಲಿ ಟಿಎನ್‌ಎಫ್ ಒಂದು. ಅದನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧ 1998ರಲ್ಲಿ ಬಳಕೆಗೆ ಬಂತು. 2001ರಲ್ಲಿ ಪ್ರಕಟವಾದ ವರದಿಯೊಂದು ಈ ಔಷಧ ಪಡೆದ 70 ಮಂದಿಯಲ್ಲಿ ಕ್ಷಯ ಕಾಣಿಸಿಕೊಂಡದ್ದನ್ನು ದಾಖಲಿಸಿತು. ಅವರಲ್ಲಿ 40 ಮಂದಿಗೆ ರೋಗ ಶ್ವಾಸಕೋಶದ ಆಚೆಗೂ ಹರಡಿತ್ತು.

ಕಾರಣ ಸ್ಪಷ್ಟ. ಹಿಂದೆಂದೋ ದೇಹ ಹೊಕ್ಕ ಕ್ಷಯಾಣುಗಳನ್ನು ಭಕ್ಷಕ ಕೋಶಗಳು ಸುತ್ತುಗಟ್ಟಿ ಗಂಟಿನೊಳಗೆ ಬಂಧಿಸಿಡುತ್ತವೆ. ಈ ಗೋಡೆ ಕುಸಿಯದಂತೆ ಕಾಯಲು ಟಿಎನ್‌ಎಫ್ ಬೇಕು. ಅದನ್ನು ತಡೆದರೆ ಮಲಗಿದ್ದ ಕ್ಷಯಾಣು ಏಳುತ್ತದೆ. ಆದ್ದರಿಂದ ಇಂದು ಈ ಔಷಧ ಕೊಡುವ ಮೊದಲು ಸುಪ್ತ ಕ್ಷಯಕ್ಕಾಗಿ ಪರೀಕ್ಷೆ ಮಾಡುತ್ತಾರೆ. ಇದ್ದರೆ ಮೊದಲು ಅದಕ್ಕೆ ಮದ್ದು. ಸುಪ್ತ ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಇದು ತೀರಾ ಅಗತ್ಯ.

ಜ್ವರ ಬಾರದಿದ್ದರೂ ಸೋಂಕು

ಸ್ಟೀರಾಯ್ಡ್ ಜ್ವರವನ್ನೂ ಊತವನ್ನೂ ಮರೆಮಾಡಬಲ್ಲದು. ಟೋಸಿಲಿಜುಮ್ಯಾಬ್ ಎಂಬ ಔಷಧ ಪಡೆಯುವವರಲ್ಲಿ ಸೋಂಕಿನ ಸೂಚಕವಾದ ಸಿಆರ್‌ಪಿ ರಕ್ತಪರೀಕ್ಷೆಯೂ ಸಹಜವಾಗಿ ತೋರಬಹುದು. ಹಾಗಾಗಿ ಸಣ್ಣ ಜ್ವರ, ಕೆಮ್ಮು, ಒಂದೇ ಕೀಲಿನ ಹಠಾತ್ ನೋವು ಇವನ್ನು ಹಳೆಯ ಕಾಯಿಲೆಯ ಉಲ್ಬಣವೆಂದು ಕಡೆಗಣಿಸಬಾರದು.

ಹಾಗೆಂದು ಔಷಧಕ್ಕೆ ಹೆದರಿ ತಾವೇ ನಿಲ್ಲಿಸುವುದೂ ತಪ್ಪು. ಸ್ಟೀರಾಯ್ಡನ್ನು ದೀರ್ಘಕಾಲ ಸೇವಿಸುವವರಲ್ಲಿ ದೇಹ ತನ್ನದೇ ಕಾರ್ಟಿಸಾಲ್ ತಯಾರಿಕೆಯನ್ನು ಇಳಿಸಿರುತ್ತದೆ. ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ವೈದ್ಯರ ಸಲಹೆಯಂತೆ ನ್ಯುಮೋಕಾಕಸ್ ಮತ್ತು ಫ್ಲೂ ಲಸಿಕೆ ಪಡೆಯುವುದು, ಸ್ಟೀರಾಯ್ಡನ್ನು ಸಾಧ್ಯವಾದಷ್ಟು ಕಡಿಮೆ ಪ್ರಮಾಣಕ್ಕೆ ಕ್ರಮೇಣ ಇಳಿಸುವುದು ಸುರಕ್ಷಿತ ದಾರಿ.