ಮನೆಗೊಂದು ಹೊಸ ಗಣಕಯಂತ್ರ: ಬಿಡಿಭಾಗಗಳ ಆಯ್ಕೆ ಹೇಗೆ?

ನಾನು ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಶಾಖೆಯ ಲೆಡ್ಜರ್ ಪೋಸ್ಟಿಂಗ್ ಯಂತ್ರಕ್ಕೆಂದೇ ಒಂದು ಹವಾನಿಯಂತ್ರಿತ ಕೋಣೆಯಿತ್ತು. ಚಪ್ಪಲಿಯನ್ನು ಹೊರಗೆ ಬಿಟ್ಟೇ ಒಳಗೆ ಹೋಗಬೇಕಾಗಿತ್ತು. ಕಲಾ ಪದವೀಧರನಾದ ನನಗೆ ಅದು ಗರ್ಭಗುಡಿಯಂತೆಯೇ ತೋರುತ್ತಿತ್ತು. ಅದಕ್ಕಿಂತ ಎಷ್ಟೋ ಪಟ್ಟು ಸಮರ್ಥವಾದ ಯಂತ್ರವೊಂದು ಇಂದು ಕೋಯಂಬೇಡಿನ ನಮ್ಮ ಮನೆಯ ಮೂಲೆಯಲ್ಲಿದೆ. ಅದರ ಭಾಗಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿದ ಅನುಭವವನ್ನು ಸಂಘದ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಹೊಸದು ಏಕೆ ಬೇಕಾಯಿತು?

ನಮ್ಮ ಹಳೆಯ ಗಣಕಯಂತ್ರ 2014ರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಅದು ಎಂಟನೆಯ ಪೀಳಿಗೆಯದೋ ಅದರ ನಂತರದ್ದೋ ಆಗಿರಬೇಕು. ನಮ್ಮದು ನಾಲ್ಕನೆಯ ಪೀಳಿಗೆಯದು. ಹಾಗೆಂದು ಹಳೆಯದನ್ನು ಎಸೆಯಬೇಕಾಗಿಲ್ಲ. ಲಿನಕ್ಸ್ ಅಳವಡಿಸಿದರೆ ಓದು ಬರಹಕ್ಕೆ ಅದು ಇನ್ನೂ ಕೆಲವು ವರ್ಷ ಒದಗುತ್ತದೆ. ಆದರೆ ಮಗಳ ಓದಿಗೂ ನನ್ನ ಕನ್ನಡ ಬೆರಳಚ್ಚಿಗೂ ವಿಶ್ವಾಸಾರ್ಹವಾದ ಯಂತ್ರವೊಂದು ಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು.

ಮೊದಲು ಒಂದು ನಷ್ಟದ ಕಥೆ

2011ರಲ್ಲಿ ನಾನು ಕ್ಯಾಬಿನೆಟ್ಟಿನ ಜೊತೆಗೇ ಉಚಿತವಾಗಿ ಬಂದ ಎಸ್‌ಎಂಪಿಎಸ್ ಇರುವ ಯಂತ್ರವನ್ನು ಕೊಂಡಿದ್ದೆ. ಒಂದು ಸಾವಿರ ರೂಪಾಯಿ ಉಳಿಯಿತೆಂಬ ಸಂತೋಷ ನನ್ನದಾಗಿತ್ತು. ಎರಡು ವರ್ಷ ತುಂಬುವ ಮೊದಲೇ ಒಂದು ಸಂಜೆ ವಿದ್ಯುತ್ ಹೋಗಿ ಬಂದಾಗ ಆ ಎಸ್‌ಎಂಪಿಎಸ್ ಸುಟ್ಟಿತು; ಹಾರ್ಡ್ ಡಿಸ್ಕನ್ನೂ ತನ್ನೊಡನೆ ಕೊಂಡೊಯ್ದಿತು. ಆ ಡಿಸ್ಕಿನಲ್ಲಿ ನನ್ನ ತಂದೆಯವರು ಊರಿನ ಕಥೆಗಳನ್ನು ಹೇಳಿದ ಎರಡು ಗಂಟೆಗಳ ಧ್ವನಿಮುದ್ರಣವಿತ್ತು. ಪ್ರತಿ ಇರಲಿಲ್ಲ. ಅಷ್ಟರಲ್ಲಿ ಅವರೂ ನಮ್ಮನ್ನು ಅಗಲಿದ್ದರು. ಯಾವ ಭಾಗಕ್ಕೆ ಹಣ ತೆರಬೇಕು, ಯಾವುದಕ್ಕೆ ಬೇಡ ಎಂಬುದನ್ನು ನಾನು ಕಲಿತದ್ದು ಹೀಗೆ.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಇವೆರಡನ್ನೂ ಒಟ್ಟಿಗೇ ಆರಿಸಬೇಕು. ಲೆಡ್ಜರಿನ ಜಮಾ ಖರ್ಚಿನಂತೆ ಒಂದಕ್ಕೊಂದು ತಾಳೆಯಾಗಬೇಕು. ಇಂಟೆಲ್‌ನ 12ರಿಂದ 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಎಲ್‌ಜಿಎ 1700 ಎಂಬ ಸಾಕೆಟ್ ಬೇಕು. ಎಎಂಡಿಯ ರೈಜನ್‌ಗಳಲ್ಲಿ ಹಳೆಯವಕ್ಕೆ ಎಎಂ4, 2022ರಿಂದ ಬಂದ ಹೊಸ ಪೀಳಿಗೆಯವಕ್ಕೆ ಎಎಂ5. ಸಾಕೆಟ್ ಬೇರೆಯಾದರೆ ಪ್ರೊಸೆಸರ್ ಕೂರುವುದೇ ಇಲ್ಲ.

ಇನ್ನೊಂದು ಎಚ್ಚರಿಕೆ. ಕೆಲವು ಪ್ರೊಸೆಸರುಗಳ ಹೆಸರಿನ ಕೊನೆಯಲ್ಲಿ ‘ಎಫ್’ ಎಂಬ ಅಕ್ಷರವಿರುತ್ತದೆ. ಅಂಥವುಗಳಲ್ಲಿ ಚಿತ್ರವನ್ನು ಪರದೆಗೆ ಕಳಿಸುವ ಭಾಗವಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲೇಬೇಕು. ಅಗ್ಗವೆಂದು ಐ3-12100ಎಫ್ ತಂದು ಮಾನಿಟರ್ ಕಪ್ಪಾಗಿಯೇ ಉಳಿದಾಗ ಪೇಚಾಡುವುದಕ್ಕಿಂತ, ‘ಎಫ್’ ಇಲ್ಲದ 12100 ತರುವುದು ಲೇಸು. ಬರವಣಿಗೆ, ಲೆಕ್ಕ, ಮಕ್ಕಳ ಪಾಠ, ಚಲನಚಿತ್ರ ವೀಕ್ಷಣೆ ಇಷ್ಟಕ್ಕೆ ನಾಲ್ಕರಿಂದ ಆರು ಕೋರ್ ಧಾರಾಳವಾಯಿತು. ದೊಡ್ಡ ಆಟಗಳನ್ನು ಆಡುವವರಿಗೂ ವಿಡಿಯೋ ಸಂಕಲನವನ್ನೇ ವೃತ್ತಿಯಾಗಿಸಿಕೊಂಡವರಿಗೂ ಮಾತ್ರ ಗ್ರಾಫಿಕ್ಸ್ ಕಾರ್ಡಿನ ಚಿಂತೆ.

ರ‍್ಯಾಮ್ ಮತ್ತು ಎಸ್‌ಎಸ್‌ಡಿ

ಡಿಡಿಆರ್4, ಡಿಡಿಆರ್5 ಎಂಬ ಎರಡು ಬಗೆಯ ರ‍್ಯಾಮ್‌ಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಥಾನದಲ್ಲಿ ಇನ್ನೊಂದು ಹೊಂದುವುದಿಲ್ಲ. ಎಎಂ4ಕ್ಕೆ ಡಿಡಿಆರ್4 ಮಾತ್ರ, ಎಎಂ5ಕ್ಕೆ ಡಿಡಿಆರ್5 ಮಾತ್ರ. ಎಲ್‌ಜಿಎ 1700ರಲ್ಲಿ ಎರಡು ಬಗೆಯ ಬೋರ್ಡುಗಳೂ ಇವೆ. ಪೆಟ್ಟಿಗೆಯ ಮೇಲೆ ಓದಿ ನೋಡಬೇಕು. ಇಂದಿನ ಮನೆಬಳಕೆಗೆ 16 ಜಿಬಿ ಸೂಕ್ತ. 8 ಜಿಬಿಯ ಎರಡು ಪಟ್ಟಿಗಳನ್ನು ಹಾಕಿದರೆ ವೇಗ ತುಸು ಹೆಚ್ಚು. ಬೋರ್ಡಿನಲ್ಲಿ ಎರಡೇ ಸ್ಲಾಟುಗಳಿದ್ದರೆ 16 ಜಿಬಿಯ ಒಂದೇ ಪಟ್ಟಿ ಹಾಕಿ ಇನ್ನೊಂದು ಸ್ಲಾಟನ್ನು ಮುಂದಕ್ಕೆ ಉಳಿಸಿಕೊಳ್ಳಬಹುದು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಆದುದರಿಂದ ಹಳೆಯ ಬೆಲೆಪಟ್ಟಿಯನ್ನು ನಂಬಿ ಹೊರಡಬೇಡಿ.

ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿ, ಎನ್‌ವಿಎಂಇ ಬಗೆಯದು 3,000 ಎಂಬಿಗೂ ಹೆಚ್ಚು ಓದಬಲ್ಲದು. ಯಂತ್ರ ‘ನಿಧಾನ’ ಎಂಬ ದೂರಿಗೆ ಬಹುಪಾಲು ಮದ್ದು ಇದೇ. 500 ಜಿಬಿಯ ಒಂದು ಎನ್‌ವಿಎಂಇ ಸಾಕು. ದೊಡ್ಡ ಹಾರ್ಡ್ ಡಿಸ್ಕನ್ನು ಪ್ರತಿಗಳಿಗಾಗಿ ಬೇರೆಯಾಗಿ ಇಟ್ಟುಕೊಳ್ಳಿ.

ಎಸ್‌ಎಂಪಿಎಸ್, ಯುಪಿಎಸ್, ಕ್ಯಾಬಿನೆಟ್

ಇಲ್ಲಿ ಜಿಪುಣತನ ಸಲ್ಲದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಯಂತ್ರಕ್ಕೆ 450 ವ್ಯಾಟಿನದು ಬೇಕಾದಷ್ಟಾಯಿತು. ಆದರೆ ‘80 ಪ್ಲಸ್’ ಪ್ರಮಾಣಪತ್ರವಿರುವ, ಹೆಸರುಳ್ಳ ಸಂಸ್ಥೆಯದೇ ಆಗಿರಲಿ. ಜೊತೆಗೆ 600 ವಿಎ ಯುಪಿಎಸ್ ಇರಲಿ. ವಿಎ ಎಂದರೆ ವ್ಯಾಟ್ ಅಲ್ಲ. ಅಂಥದು ಸಾಮಾನ್ಯವಾಗಿ 360 ವ್ಯಾಟಿನಷ್ಟನ್ನೇ ಹೊರಬಲ್ಲದು. ಆದ್ದರಿಂದ ಪ್ರಿಂಟರನ್ನು ಅದಕ್ಕೆ ತಗುಲಿಸಬೇಡಿ. ಚೆನ್ನೈಯ ಸೆಕೆಗೆ ಮುಂದೊಂದು, ಹಿಂದೊಂದು ಫ್ಯಾನ್ ಇರುವ, ಗಾಳಿಯಾಡುವ ಕ್ಯಾಬಿನೆಟ್ ಬೇಕು. ಇಡೀ ರಾತ್ರಿ ಲಾರಿಗಳು ಓಡಾಡುವ ನಮ್ಮ ಮಾರುಕಟ್ಟೆಯ ಸುತ್ತಮುತ್ತ ಧೂಳಿನ ಜಾಲರಿಯೂ ಅಗತ್ಯ. ಅದನ್ನು ನೆಲದ ಮೇಲಿಡಬೇಡಿ. 2015ರ ಡಿಸೆಂಬರಿನ ನೆರೆಯನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ.

ಕೊಳ್ಳುವುದು ಎಲ್ಲಿ?

ಬೆಂಗಳೂರಿಗರಿಗೆ ಎಸ್.ಪಿ. ರಸ್ತೆ ಹೇಗೋ ಚೆನ್ನೈಯವರಿಗೆ ಅಣ್ಣಾ ಸಾಲೈ ಪಕ್ಕದ ರಿಚಿ ಸ್ಟ್ರೀಟ್ ಹಾಗೆ. ಕೋಯಂಬೇಡಿನಲ್ಲಿ ಮೆಟ್ರೊ ಹತ್ತಿ, ಸೆಂಟ್ರಲ್‌ನಲ್ಲಿ ಬದಲಿಸಿ, ಮುಂದಿನ ನಿಲ್ದಾಣವಾದ ಗವರ್ನ್‌ಮೆಂಟ್ ಎಸ್ಟೇಟ್‌ನಲ್ಲಿ ಇಳಿದರೆ ನಡೆಯುವಷ್ಟು ದೂರ. ಪಟ್ಟಿಯನ್ನು ಬರೆದುಕೊಂಡೇ ಹೋಗಿ, ಮೂರು ಅಂಗಡಿಗಳಲ್ಲಿ ವಿಚಾರಿಸಿ. ಒಂದು ಭಾಗ ‘ಸ್ಟಾಕ್ ಇಲ್ಲ, ಇದೂ ಅದೇ’ ಎಂದರೆ ಪಟ್ಟಿಯನ್ನು ಮತ್ತೊಮ್ಮೆ ತಾಳೆ ನೋಡದೆ ಒಪ್ಪಬೇಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಕ್ರಮಸಂಖ್ಯೆ ಬರೆಸಿಕೊಳ್ಳಿ. ಮುದ್ರೆಯೊಡೆಯದ ಪೆಟ್ಟಿಗೆಯ ಪ್ರೊಸೆಸರಿಗೆ ಮೂರು ವರ್ಷಗಳ ವಾರಂಟಿ ಇರುತ್ತದೆ. ಬಿಲ್ಲಿಲ್ಲದೆ ಕೇಳಿದರೆ ಫಲವಿಲ್ಲ.

ಕನ್ನಡಕ್ಕಾಗಿ ವಿಶೇಷ ಯಂತ್ರವೇನೂ ಬೇಡ. ವಿಂಡೋಸ್‌ನಲ್ಲಿಯೂ ಲಿನಕ್ಸ್‌ನಲ್ಲಿಯೂ ಯೂನಿಕೋಡ್ ಕನ್ನಡ ಸಿದ್ಧವಾಗಿಯೇ ಇದೆ. ಹಳೆಯ ನುಡಿ, ಬರಹ ಕಡತಗಳನ್ನು ಮಾತ್ರ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದನ್ನು ಮರೆಯಬೇಡಿ.

ಹೊಸ ಯಂತ್ರದಲ್ಲಿ ನಾನು ಮಾಡಿದ ಮೊದಲ ಕೆಲಸ ನನ್ನ ತಾಯಿಯವರು ಹಾಡುವ ದೇವರನಾಮಗಳನ್ನು ಮುದ್ರಿಸಿಕೊಂಡದ್ದು. ಈ ಬಾರಿ ಒಂದು ಪ್ರತಿ ನಮ್ಮಲ್ಲಿದೆ, ಮತ್ತೊಂದು ಮೈಸೂರಿನಲ್ಲಿರುವ ತಂಗಿಯ ಮನೆಯ ಬೀರುವಿನಲ್ಲಿದೆ. ಸಂಘದ ಸದಸ್ಯರು ಯಾರಾದರೂ ರಿಚಿ ಸ್ಟ್ರೀಟಿಗೆ ಹೊರಡುವುದಾದರೆ ತಿಳಿಸಿ. ಬ್ಯಾಂಕಿಗೆ ರಜೆಯಿರುವ ಎರಡನೆಯ ಅಥವಾ ನಾಲ್ಕನೆಯ ಶನಿವಾರವಾದರೆ ಜೊತೆಗೆ ಬರಲು ನಾನು ಸಿದ್ಧ.